ಟೈಲರಕ್ಕ ನೆರೆಯನ್ನು ಅಳೆದದ್ದು

ಟೈಲರಕ್ಕ ಬೀದಿಯ ಸಂಘಕ್ಕೆ ಅಧ್ಯಕ್ಷೆಯಾದದ್ದು ಅವಳ ಅಂಗಡಿಯ ಬೆಂಚಿನಿಂದಾಗಿ. ಸಭೆ ಸೇರಲು ಬೀದಿಯಲ್ಲಿ ಬೇರೆಲ್ಲೂ ಅಷ್ಟು ಉದ್ದದ ಬೆಂಚು ಇರಲಿಲ್ಲ. ಯಾರು ಮುಂದೆ ನಿಲ್ಲುತ್ತೀರಿ ಎಂಬ ಮಾತು ಬಂದ ಕೂಡಲೇ ಒಬ್ಬರಿಗೆ ಹಾಲು ಉಕ್ಕುವ ನೆನಪಾಯಿತು, ಇನ್ನೊಬ್ಬರಿಗೆ ಫೋನ್ ಬಂತು, ಮತ್ತೊಬ್ಬರಿಗೆ ಕೆಮ್ಮು ಬಂತು. ಐದು ನಿಮಿಷದಲ್ಲಿ ಬೆಂಚು ಖಾಲಿ. ಅಂಗಡಿ ಬಿಟ್ಟು ಏಳಲಾಗದೆ ಕಾಲರಿಗೆ ಹೊಲಿಗೆ ಹಾಕುತ್ತ ಕೂತಿದ್ದವಳು ಅವಳೊಬ್ಬಳೇ. ಮರುದಿನದ ಹೊತ್ತಿಗೆ ಅವಳ ಹೆಸರಿಗೆ ಎಲ್ಲರ ಸಹಿಯೂ ಬಿದ್ದಿತ್ತು.

ಬೀದಿಯಲ್ಲಿ ಮೂವತ್ತೊಂದು ಮನೆ. ಬೀದಿ ನಿಧಾನವಾಗಿ ಇಳಿಯುತ್ತ ಬಂದು ಕೊನೆಗೆ ಒಂದು ಹಳ್ಳಕ್ಕೆ ಮುಟ್ಟುತ್ತದೆ. ಹಳ್ಳದ ಮೇಲೆ ಎತ್ತರಿಸಿದ ಹೆದ್ದಾರಿ, ಹೆದ್ದಾರಿಯ ಕೆಳಗೆ ಮೋರಿ. ಮೋರಿ ಎಂದರೆ ಎರಡು ಕೊಳವೆ, ಅಷ್ಟೇ. ಒಂದರಲ್ಲಿ ಯಾವಾಗಲೂ ಏನಾದರೂ ಸಿಕ್ಕಿಕೊಂಡಿರುತ್ತಿತ್ತು: ಮರದ ಬೊಡ್ಡೆ, ಹಳೆಯ ಹಾಸಿಗೆ, ಒಮ್ಮೆ ಪೂರ್ತಿ ಒಂದು ಸೋಫಾ. ದೊಡ್ಡ ಮಳೆ ಬಂದರೆ ನೀರು ಮೋರಿಯಲ್ಲಿ ದಾರಿ ಕಾಣದೆ ಹಿಂದಕ್ಕೆ ತಿರುಗಿ, ಬೀದಿ ಹತ್ತಿ, ಯಾರನ್ನೂ ಕೇಳದೆ ಮನೆಗಳೊಳಗೆ ಬಂದು ನಿಲ್ಲುತ್ತಿತ್ತು. ಅಂಗಡಿಯೂ ಸೇರಿದ ಟೈಲರಕ್ಕನ ಮನೆ ಎಲ್ಲಕ್ಕಿಂತ ಕೆಳಗಿನದು. ನೀರು ಬಂದಾಗಲೆಲ್ಲ ಅವಳು ಮೊದಲು ಅಟ್ಟಕ್ಕೆ ಏರಿಸುತ್ತಿದ್ದದ್ದು ಹೊಲಿಗೆ ಯಂತ್ರದ ತಲೆ, ಆಮೇಲೆ ಗಿರಾಕಿಗಳ ಅಳತೆ ಪುಸ್ತಕಗಳು, ಮೂರನೆಯದಾಗಿ ಗಂಡನನ್ನು ಎಬ್ಬಿಸುತ್ತಿದ್ದಳು.

ಆ ವರ್ಷ ಸರ್ಕಾರ ಒಂದು ಅನುದಾನ ಪ್ರಕಟಿಸಿತು. ನೆರೆ, ಭೂಕುಸಿತ, ಬಿರುಗಾಳಿಯಂಥ ಅಪಾಯ ಬರುವ ಮೊದಲೇ ಅದನ್ನು ತಗ್ಗಿಸಲು ಊರಿನವರೇ ಸೇರಿ ಯೋಜನೆ ಕೊಟ್ಟರೆ ಸರ್ಕಾರ ಖರ್ಚು ಕೊಡುತ್ತದೆ, ಊರಿನವರು ಶ್ರಮ ಕೊಡಬೇಕು. ಸುದ್ದಿ ತಂದವಳು ಟೈಲರಕ್ಕನ ನಾದಿನಿ. ಅವಳು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟು. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ಇದ್ದಳು. ಚಹಾಕ್ಕೆ ಎಷ್ಟು ಸಕ್ಕರೆ ಎಂಬುದರಿಂದ ಹಿಡಿದು ಯಾವ ಕಿಟಕಿ ತೆರೆಯಬೇಕು ಎಂಬುದರವರೆಗೆ ಅತ್ತಿಗೆಗೂ ಅವಳಿಗೂ ಇಪ್ಪತ್ತು ವರ್ಷಗಳಿಂದ ಜಗಳ ನಡೆದೇ ಇತ್ತು. ಇಬ್ಬರಿಗೂ ಆ ಜಗಳವಿಲ್ಲದೆ ದಿನ ಕಳೆಯುತ್ತಿರಲಿಲ್ಲ.

ಅರ್ಜಿ ಇಪ್ಪತ್ತೆರಡು ಪುಟ ಇತ್ತು. ನಾದಿನಿ ಅದನ್ನು ಹಸಿದವಳ ಹಾಗೆ ಓದಿದಳು. ಮನೆಗಳ ಪಟ್ಟಿ, ಒಪ್ಪಿಗೆ ಪತ್ರ, ನಕ್ಷೆ ಎಲ್ಲ ಐದು ದಿನದಲ್ಲಿ ಮುಗಿದವು. ಬೀದಿಯಲ್ಲೇ ಇದ್ದ ಗಾರೆ ಮೇಸ್ತ್ರಿ ತನ್ನ ನೀರು ತುಂಬಿದ ಪಾರದರ್ಶಕ ಪೈಪು ತಂದು, ಯಾವ ಮನೆಯ ನೆಲ ಯಾವ ಮನೆಗಿಂತ ಎಷ್ಟು ಇಂಚು ಎತ್ತರ ಎಂದು ಪ್ರತಿ ಹೊಸ್ತಿಲನ್ನೂ ಅಳೆದುಕೊಟ್ಟ. ಆಮೇಲೆ ಬಂತು ಏಳನೆಯ ಪ್ರಶ್ನೆ. ಹಿಂದಿನ ಅತಿ ದೊಡ್ಡ ನೆರೆಯಲ್ಲಿ ಕನಿಷ್ಠ ಐದು ಜಾಗಗಳಲ್ಲಿ ನೀರು ನಿಂತ ಎತ್ತರ ಎಷ್ಟು, ಅದಕ್ಕೆ ಆಧಾರ ಏನು?

ಆಧಾರ ಎಲ್ಲಿಂದ ಬರಬೇಕು? ಒಂಬತ್ತು ವರ್ಷದ ಹಿಂದಿನ ಮಾತು. ಫೋಟೋ ತೆಗೆದ ಫೋನುಗಳು ಅದೇ ನೀರಿನಲ್ಲಿ ಸತ್ತಿದ್ದವು. ಗೋಡೆಗಳಿಗೆ ಮೂರು ಸಲ ಬಣ್ಣ ಬಿದ್ದಿತ್ತು. ಸರಿ, ಜನರನ್ನೇ ಕೇಳೋಣ ಎಂದು ಬೆಂಚಿನ ಮೇಲೆ ಕೂರಿಸಿ ಕೇಳಿದರೆ, ಒಬ್ಬರಿಗಿಂತ ಒಬ್ಬರ ಮನೆಯಲ್ಲಿ ನೀರು ಏರುತ್ತ ಹೋಯಿತು. ಮೊದಲನೆಯವರು ಸೊಂಟದವರೆಗೆ ಎಂದರು. ಎರಡನೆಯವರು ಅದನ್ನು ಕೇಳಿಸಿಕೊಂಡು ಎದೆಯವರೆಗೆ ಎಂದರು. ಬೀದಿಯ ಮೇಲ್ಭಾಗದಲ್ಲಿ ಮನೆಯ ಮುಂಕೋಣೆಯಲ್ಲೇ ಸಲೂನು ಇಟ್ಟಿದ್ದ ಕ್ಷೌರಿಕ ತನ್ನ ಸರದಿ ಬಂದಾಗ ಎದ್ದುನಿಂತು, ಕೈಯನ್ನು ಕತ್ತಿಗೆ ಅಡ್ಡವಾಗಿ ಹಿಡಿದು, ಇಲ್ಲಿಯವರೆಗೆ ಎಂದ. ಅವನಿಗೆ ಬೀದಿಯವರು ಸಿನಿಮಾ ಎಂದು ಅಡ್ಡಹೆಸರು ಇಟ್ಟದ್ದು ಸುಮ್ಮನೆ ಅಲ್ಲ. ಕ್ಷೌರ ಮಾಡುತ್ತ ಅವನು ಹೇಳುವ ಕಥೆಗಳಲ್ಲಿ ಯಾವುದೂ ಸಣ್ಣದಾಗಿ ನಡೆಯುತ್ತಿರಲಿಲ್ಲ.

ನಾದಿನಿ ಅದೆಲ್ಲವನ್ನೂ ಗೀಟು ಕಾಗದದ ಮೇಲೆ ಚುಕ್ಕೆ ಇಟ್ಟು ನೋಡಿದಳು. ನಿಂತ ನೀರು ಮಟ್ಟಸವಾಗಿರಬೇಕು ತಾನೇ? ಅವಳ ಕಾಗದದ ಮೇಲೆ ಅದು ಹುಚ್ಚು ಕುದುರೆಯ ಹಾಗೆ ಜಿಗಿದಾಡುತ್ತಿತ್ತು.

"ಅತ್ತಿಗೆ, ಇದು ನಡೆಯಲ್ಲ" ಎಂದಳು. "ಸಿನಿಮಾ ಮನೆ ನಮ್ಮ ಮನೆಗಿಂತ ಹದಿನಾಲ್ಕು ಇಂಚು ಎತ್ತರದಲ್ಲಿದೆ. ಅಲ್ಲಿ ಅವನ ಕತ್ತಿನವರೆಗೆ ನೀರು ಅಂದ್ರೆ, ಇಲ್ಲಿ ನಿಮ್ಮ ತಲೆ ಮೇಲೆ ಅರ್ಧ ಅಡಿ."

"ಅಂದ್ರೆ ನಾನು ಆ ದಿನಾನೇ ಸತ್ತುಹೋಗಿದ್ದೀನಿ ಅನ್ನು."

"ಕಾಗದದ ಪ್ರಕಾರ ಹೌದು."

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ ನಗು ಅಷ್ಟಕ್ಕೇ ನಿಂತಿತು, ಏಕೆಂದರೆ ಅರ್ಜಿಗೆ ಉಳಿದದ್ದು ಮೂರೇ ದಿನ. ಸತ್ತುಹೋದ ಅಧ್ಯಕ್ಷೆಯ ಸಹಿ ಇರುವ ಅರ್ಜಿಯನ್ನು ಯಾವ ಸರ್ಕಾರವೂ ಒಪ್ಪುವುದಿಲ್ಲ.

ಮರುದಿನ ಬೆಳಗ್ಗೆ ಬೀದಿಯ ಮೇಲ್ತುದಿಯ ಲೈನ್‌ಮನ್ ಪ್ಯಾಂಟು ಹೊಲಿಸಲು ಬಂದ. ಅವನು ಎಷ್ಟು ಎತ್ತರ ಎಂದರೆ ಸಣ್ಣ ಕೆಲಸಕ್ಕೆ ಏಣಿ ತರುವುದೇ ಇಲ್ಲ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅಳತೆ ಕೊಡಲು ನಿಂತವನು ನೆರೆಯ ಮಾತು ತೆಗೆದ. ತನ್ನ ಮನೆ ಎತ್ತರದಲ್ಲಿದ್ದದ್ದರಿಂದ ಬಚಾವಾದೆ, ಸರಿಯಾಗಿ ಮಂಡಿಚಿಪ್ಪಿನವರೆಗೆ ಬಂದು ನಿಂತಿತು ಎಂದು ಹೇಳುತ್ತ ಬಗ್ಗಿ ಮಂಡಿ ಮುಟ್ಟಿ ತೋರಿಸಿದ. ಟೈಲರಕ್ಕ ಹೂಂ ಎನ್ನುತ್ತ ಪುಸ್ತಕದಲ್ಲಿ ಬರೆಯುತ್ತಿದ್ದಳು. ಸೊಂಟದಿಂದ ನೆಲಕ್ಕೆ ನಲವತ್ತಮೂರು. ಸೊಂಟದಿಂದ ಮಂಡಿಗೆ ಇಪ್ಪತ್ತಮೂರು.

ಅವಳ ಪೆನ್ನು ನಿಂತಿತು. ನಲವತ್ತಮೂರರಲ್ಲಿ ಇಪ್ಪತ್ತಮೂರು ಕಳೆದರೆ ಇಪ್ಪತ್ತು. ಲೈನ್‌ಮನ್‌ನ ಮಂಡಿ ನೆಲದಿಂದ ಇಪ್ಪತ್ತು ಇಂಚು ಮೇಲಿದೆ. ಅಂದಮೇಲೆ ಅವನ ಮನೆಯಲ್ಲಿ ನೀರು ಇಪ್ಪತ್ತು ಇಂಚು. ಅವನ ಮನೆಯ ನೆಲ ತನ್ನ ಮನೆಗಿಂತ ಹದಿನೆಂಟು ಇಂಚು ಎತ್ತರ ಎಂದು ಮೇಸ್ತ್ರಿ ಬರೆದಿದ್ದ. ಹಾಗಾದರೆ ತನ್ನ ಮನೆಯಲ್ಲಿ ಮೂವತ್ತೆಂಟು. ಅವಳು ಎದ್ದುನಿಂತು ಟೇಪಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನ ಕೆಳಗೆ ಒತ್ತಿ, ಇನ್ನೊಂದನ್ನು ಸೊಂಟಕ್ಕೆ ಎಳೆದಳು. ಆ ದಿನ ನೀರು ಮುಟ್ಟಿದ್ದ ಜಾಗ ಅವಳಿಗೆ ಚೆನ್ನಾಗಿ ನೆನಪಿತ್ತು, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲು ಪೂರ್ತಿ ಮುಳುಗಿತ್ತು. ಮೂವತ್ತೆಂಟು.

ಲೈನ್‌ಮನ್ ಒಂದು ಕಾಲು ಮುಂದಿಟ್ಟು ಹಾಗೇ ನಿಂತಿದ್ದ. ಅವನ ಅಳತೆ ಅರ್ಧಕ್ಕೇ ಬಿಟ್ಟು ಟೈಲರಕ್ಕ ಮೆಟ್ಟಿಲು ಹತ್ತಿದಳು. ಐವತ್ತಾರು ವರ್ಷದ ಅವಳು ಆ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಎಷ್ಟೋ ವರ್ಷವಾಗಿತ್ತು.

"ಆಧಾರ ಸಿಕ್ತು ಕಣೇ" ಎಂದಳು ಏದುಸಿರು ಬಿಡುತ್ತ. "ಬೀದಿಯವರ ಮೈಯೆಲ್ಲ ನನ್ನ ಪುಸ್ತಕದಲ್ಲಿದೆ."

ನಾದಿನಿಗೆ ಮೊದಲು ಅತ್ತಿಗೆಗೆ ಜ್ವರ ಬಂದಿದೆ ಎನಿಸಿತು. ಲೆಕ್ಕ ಬಿಡಿಸಿ ಹೇಳಿದ ಮೇಲೆ ಅವಳು ತನ್ನ ಗೀಟು ಕಾಗದವನ್ನು ಹರಿದುಹಾಕಿದಳು. ಆಮೇಲೆ ಕಚೇರಿಗೆ ಫೋನ್ ಮಾಡಿ, ಕುಟುಂಬದಲ್ಲಿ ತುರ್ತು ಕೆಲಸ ಬಿದ್ದಿದೆ ಎಂದು ಎರಡು ದಿನ ರಜೆ ಕೇಳಿದಳು. ಅವಳ ಬಾಯಲ್ಲಿ ರಜೆ ಎಂಬ ಮಾತು ಕೇಳಿ ವಕೀಲರು ಗಾಬರಿಯಾದರಂತೆ.

ಇಬ್ಬರೂ ಟೇಪು, ಪುಸ್ತಕ ಹಿಡಿದು ಮನೆ ಮನೆಗೆ ಹೊರಟರು. ಬಾಯಲ್ಲಿ ಹೇಳಬೇಡಿ, ನೀರು ಎಲ್ಲಿಗೆ ಮುಟ್ಟಿತ್ತೋ ಅಲ್ಲಿ ಕೈ ಇಡಿ ಎಂದರು. ಆಗ ಟೈಲರಕ್ಕನಿಗೆ ಒಂದು ವಿಚಿತ್ರ ಕಂಡಿತು. ಎದೆಯವರೆಗೆ ಎಂದು ಬೆಂಚಿನ ಮೇಲೆ ಹೇಳಿದವರ ಕೈ, ತಮ್ಮ ಮನೆಯ ನಡುಕೋಣೆಯಲ್ಲಿ ನಿಂತಾಗ, ತಾನಾಗಿ ತೊಡೆಗೆ ಇಳಿಯಿತು. ನಾಲಗೆಗೆ ಮರೆತದ್ದು ಮೈಗೆ ನೆನಪಿತ್ತು. ಮೇಸ್ತ್ರಿಯ ಕೈ ತೊಡೆಯ ಮಧ್ಯೆ ನಿಂತಿತು. ಲೆಕ್ಕ ಹಾಕಿದರೆ ಅಲ್ಲೂ ಮೂವತ್ತೆಂಟಕ್ಕೇ ಹೊಂದಿತು. ಕೆಳಗಿನಿಂದ ಎರಡನೆಯ ಮನೆಯ ಹುಡುಗಿ ಈಗ ಕಾಲೇಜು ಮುಗಿಸುತ್ತಿದ್ದಳು. ನೀರು ಬಂದಾಗ ಆರನೆಯ ತರಗತಿ, ಸೊಂಟದವರೆಗೆ ಬಂದಿತ್ತು ಎಂದಳು. ಈಗಿನ ಸೊಂಟ ಯಾವ ಲೆಕ್ಕಕ್ಕೂ ಬಾರದು ಎಂದು ನಾದಿನಿ ಕೈಚೆಲ್ಲಿದಾಗ ಟೈಲರಕ್ಕ ಹಳೆಯ ಪುಸ್ತಕ ತಿರುವಿದಳು. ಅದೇ ವರ್ಷ ಆ ಹುಡುಗಿ ಶಾಲೆಯ ನಾಟಕದಲ್ಲಿ ರಾಣಿಯಾಗಿದ್ದಳು, ನೆಲ ಮುಟ್ಟುವ ಗೌನು ಹೊಲಿಸಿದ್ದಳು. ಸೊಂಟದಿಂದ ನೆಲಕ್ಕೆ ಮೂವತ್ತಮೂರು, ತಾರೀಖಿನ ಸಮೇತ. ಆ ಮನೆಯ ನೆಲ ಐದು ಇಂಚು ಎತ್ತರ. ಒಟ್ಟು ಮೂವತ್ತೆಂಟು.

ನಾದಿನಿ ಬೀದಿಯ ನಡುವೆ ನಿಂತು ಚಪ್ಪಾಳೆ ಹೊಡೆದಳು. ಎದುರಿನ ಮನೆಯವರು ಏನಾಯಿತೆಂದು ಕಿಟಕಿಗೆ ಬಂದರು. ರಾಣಿಯ ಸೊಂಟ ಸಿಕ್ಕಿತು ಎಂದಳು ಅವಳು. ಅದಕ್ಕಿಂತ ಹೆಚ್ಚಿನ ವಿವರಣೆ ಕೊಡುವ ಸ್ಥಿತಿಯಲ್ಲಿ ಅವಳು ಇರಲಿಲ್ಲ.

ನಾಲ್ಕು ಜಾಗ ಆದವು. ಉಳಿದವರ ಕೈ ಒಂದೇ ಕಡೆ ನಿಲ್ಲದ್ದರಿಂದ ಐದನೆಯದು ಇನ್ನೂ ಬೇಕಿತ್ತು. ಮೇಲ್ಭಾಗದ ಬೇರೆ ಮನೆಗಳಲ್ಲಿ ಆಗಿನವರು ಯಾರೂ ಇರಲಿಲ್ಲ, ಎಲ್ಲ ಆಮೇಲೆ ಬಾಡಿಗೆಗೆ ಬಂದವರು. ಉಳಿದವನು ಸಿನಿಮಾ ಒಬ್ಬನೇ. ಅವನ ಕೈ ಮಾತ್ರ ಮನೆಯಲ್ಲಿ ನಿಂತಾಗಲೂ ಕತ್ತು ಬಿಟ್ಟು ಇಳಿಯಲಿಲ್ಲ. ಗುರುವಾರ ಎರಡು ಸಲ ಹೋದರು. ಎರಡು ಸಲವೂ ಕತ್ತು. ತಾನು ಸುಳ್ಳು ಹೇಳುವವನಲ್ಲ ಎಂದು ಅವನು ಕತ್ತರಿ ಕೆಳಗಿಟ್ಟು ಮುನಿಸಿಕೊಂಡ.

ಶುಕ್ರವಾರ ಸಂಜೆ ಐದಕ್ಕೆ ಗಡುವು. ಮಧ್ಯಾಹ್ನ ಮೂರಕ್ಕೆ ಟೈಲರಕ್ಕ ಒಬ್ಬಳೇ ಸಲೂನಿಗೆ ಹೋದಳು. ಗಿರಾಕಿ ಯಾರೂ ಇರಲಿಲ್ಲ. ಅವಳು ಗಿರಾಕಿಯ ಕುರ್ಚಿಯಲ್ಲಿ ಕೂತು, ಕನ್ನಡಿಯೊಳಗಿನ ಅವನನ್ನೇ ನೋಡಿ ಮಾತಾಡಿದಳು.

"ನೋಡಪ್ಪ, ನೀನು ಸುಳ್ಳು ಹೇಳ್ತೀಯ ಅಂತ ನಾನು ಅನ್ನಲ್ಲ. ಕತ್ತಿನವರೆಗೆ ಬಂದದ್ದು ನಿಜಾನೇ ಇರಬಹುದು. ಆದ್ರೆ ಆಗ ನೀನು ಏನು ಮಾಡ್ತಿದ್ದೆ, ಅದನ್ನ ಹೇಳು."

ಸಿನಿಮಾ ಬಾಗಿಲ ಕಡೆ ನೋಡಿದ. ಬ್ರಷ್ಷು ಎತ್ತಿ, ಒರೆಸಿ, ಮತ್ತೆ ಅಲ್ಲೇ ಇಟ್ಟ. ಕೊನೆಗೆ ದನಿ ತಗ್ಗಿಸಿದ.

"ಅಕ್ಕ, ಯಾರಿಗೂ ಹೇಳಲ್ಲ ತಾನೇ?"

"ಸರ್ಕಾರಕ್ಕೆ ಮಾತ್ರ."

"ನೀರು ಬಂದ ಗಾಬರಿಗೆ ಕಾಲು ಜಾರಿ ಕೂತುಬಿಟ್ಟೆ. ಅಂಡು ನೆಲಕ್ಕೆ ಅಂಟಿದ ಹಾಗೆ. ಏಳೋಕೆ ಆಗಲಿಲ್ಲ. ನೀರು ಇಲ್ಲಿಗೆ ಬಂದು ನಿಲ್ತು. ಅಷ್ಟೊತ್ತು ಹಾಗೇ ಕೂತಿದ್ದೆ. ಕೊನೆಗೆ ನನ್ನ ಹೆಂಡತಿ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು."

ಟೈಲರಕ್ಕ ತುಟಿ ಕಚ್ಚಿಕೊಂಡಳು. ಕನ್ನಡಿಯಲ್ಲಿ ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ ನಗಲು ಮನಸ್ಸು ಬರಲಿಲ್ಲ. ತಾನಾಗಿದ್ದರೂ ಹಾಗೇ ಕೂರುತ್ತಿದ್ದೆ ಎಂದು ಅವನಿಗೆ ಸಮಾಧಾನ ಹೇಳಿದಳು, ಮತ್ತು ಈಗ ಒಂದು ಸಲ ಅದೇ ಜಾಗದಲ್ಲಿ ಕೂತು ತೋರಿಸು ಎಂದಳು. ಅವನು ಕೂದಲು ಗುಡಿಸಿ, ನೆಲದ ಮೇಲೆ ಕಾಲು ಚಾಚಿ ಕೂತ. ಅವಳು ಟೇಪು ಹಿಡಿದಳು. ನೆಲದಿಂದ ಕತ್ತಿಗೆ ಇಪ್ಪತ್ತನಾಲ್ಕು ಇಂಚು.

ಇಪ್ಪತ್ತನಾಲ್ಕು, ಹದಿನಾಲ್ಕು.

ಅವಳು ಕೂಗಿಕೊಳ್ಳಲಿಲ್ಲ. ಸಿನಿಮಾನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮನಿಗೆ ಮಾಡುವ ಹಾಗೆ ನೆತ್ತಿಗೆ ಮುತ್ತಿಟ್ಟು, ಬೀದಿಯ ಇಳಿಜಾರಿನಲ್ಲಿ ಓಡಿದಳು. ಚಪ್ಪಲಿಯೊಂದು ದಾರಿಯಲ್ಲೇ ಉಳಿಯಿತು. ಮೂವತ್ತೆಂಟು ಎಂದು ಅವಳು ಬಾಗಿಲಲ್ಲಿ ಹೇಳಿದಾಗ ನಾದಿನಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಹೇಗೆ ಎಂದು ಕೇಳಿದಳು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಆದರೆ ಅರ್ಜಿಯಲ್ಲಿ ಬರೆಯಬೇಕಾದ್ದರಿಂದ ಹೇಳುತ್ತೇನೆ ಎಂದು ಟೈಲರಕ್ಕ ಗಂಭೀರವಾಗಿ ಆರಂಭಿಸಿದಳು. ಮುಗಿಸುವಷ್ಟರಲ್ಲಿ ಇಬ್ಬರೂ ಬಟ್ಟೆಯ ರಾಶಿಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡಿದ್ದರು. ಒಬ್ಬಳು ಸುಮ್ಮನಾದರೆ ಇನ್ನೊಬ್ಬಳು ಶುರು. ನಾದಿನಿ ಕಣ್ಣೊರೆಸಿಕೊಂಡು ಟೈಪು ಮಾಡಲು ಕೂತಳು. "ಐದನೆಯ ಜಾಗ: ಸಲೂನು. ವ್ಯಕ್ತಿಯ ಭಂಗಿ:" ಎಂದು ಹೊಡೆದವಳು ಮುಂದೆ ಹೊಡೆಯಲಾಗದೆ ಕೀಲಿಮಣೆಯ ಮೇಲೆ ಹಣೆ ಇಟ್ಟಳು. ಪರದೆಯ ತುಂಬ ಒಂದೇ ಅಕ್ಷರ ಸಾಲು ಸಾಲಾಗಿ ಬಿತ್ತು. "ಕುಳಿತ ಸ್ಥಿತಿ" ಎಂಬ ಎರಡು ಪದ ಬರೆಯಲು ಅವರಿಗೆ ಹತ್ತು ನಿಮಿಷ ಹಿಡಿಯಿತು.

ನಾಲ್ಕೂವರೆಗೆ ಅಪ್‌ಲೋಡ್ ಶುರುವಾಯಿತು. ಅಳತೆ ಪುಸ್ತಕದ ಪುಟಗಳ ಚಿತ್ರ ದೊಡ್ಡದಾಯಿತು ಎಂದು ಪೋರ್ಟಲ್ ತಳ್ಳಿಹಾಕಿತು. ಚಿಕ್ಕದು ಮಾಡಿದರೆ ಅಸ್ಪಷ್ಟ ಎಂದಿತು. ನಾದಿನಿ ಹಲ್ಲು ಕಚ್ಚಿ ಮತ್ತೆ ಮತ್ತೆ ಮಾಡಿದಳು. ಅಂಗಡಿಯ ತುಂಬ ಜನ ಸೇರಿದರು. ಅಧ್ಯಕ್ಷ ಸ್ಥಾನ ಬೇಡ ಎಂದು ಓಡಿಹೋಗಿದ್ದವರೆಲ್ಲ ಈಗ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಐದಕ್ಕೆ ನಾಲ್ಕು ನಿಮಿಷ ಇರುವಾಗ "ಅರ್ಜಿ ಸ್ವೀಕರಿಸಲಾಗಿದೆ" ಎಂದು ಬಂತು. ಯಾರು ಯಾರನ್ನು ಅಪ್ಪಿಕೊಂಡರು ಎಂಬುದಕ್ಕೆ ಲೆಕ್ಕವಿರಲಿಲ್ಲ. ಟೈಲರಕ್ಕನ ಗಂಡ ಮೇಸ್ತ್ರಿಯನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ.

ಎರಡು ತಿಂಗಳ ಮೇಲೆ ಎಂಜಿನಿಯರ್ ಬಂದಳು. ಮೂವತ್ತರ ಒಳಗಿನ ಹೆಣ್ಣುಮಗಳು, ಮುಖ ಬಿಗಿಯಾಗಿತ್ತು. ಜೀಪಿನಿಂದ ಮೂರು ಕಾಲಿನ ಸ್ಟ್ಯಾಂಡು, ಮಟ್ಟ ನೋಡುವ ಉಪಕರಣ ಇಳಿಸಿದಳು. ಆಧಾರ ಎಂಬ ಕಾಲಂನಲ್ಲಿ ನಾಟಕದ ಗೌನು ಎಂದು ಬರೆದದ್ದನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಯಾರೋ ತಮಾಷೆಗೆ ಅರ್ಜಿ ಹಾಕಿದ್ದಾರೆ, ತಿರಸ್ಕರಿಸಿ ಎಂದರಂತೆ. ಆದರೆ ಐದು ಜಾಗದ ಐದು ಅಂಕಿ ಒಂದೇ ಗೆರೆಯ ಮೇಲೆ ಕೂತಿದ್ದು ಅವಳಿಗೆ ನಿದ್ದೆ ಕೆಡಿಸಿತ್ತು. ಅದಕ್ಕೇ ಬಂದಿದ್ದಳು.

ಅವಳು ಮೊದಲು ಕೇಳಿದ್ದು ಒಂಬತ್ತು ವರ್ಷದಿಂದ ಜಾಗ ಬಿಟ್ಟು ಕದಲದ ವಸ್ತು ಯಾವುದಾದರೂ ಇದೆಯೇ ಎಂದು. ಇದೆ, ನಮ್ಮಣ್ಣ ಎಂದಳು ನಾದಿನಿ. ಎಂಜಿನಿಯರ್ ನಗಲಿಲ್ಲ. ಗೋಡೆಗೆ ಆನಿಸಿದ ಮರದ ಬೀರುವಿನ ಕಡೆ ಬೆರಳು ತೋರಿಸಿದಳು. ನೀರಿನಲ್ಲಿ ಅಡಿ ಊದಿಕೊಂಡು ನೆಲಕ್ಕೆ ಕಚ್ಚಿದ್ದ ಅದನ್ನು ಯಾರೂ ಸರಿಸುವ ಗೋಜಿಗೆ ಹೋಗಿರಲಿಲ್ಲ, ಬಣ್ಣ ಹೊಡೆದಾಗಲೂ ಸುತ್ತ ಮಾತ್ರ ಹೊಡೆದಿದ್ದರು. ನಾಲ್ಕು ಜನ ಸೇರಿ ಎಳೆದರು. ಹಿಂದೆ, ಹಳೆಯ ಹಸಿರು ಬಣ್ಣದ ಮೇಲೆ, ಸ್ಕೇಲು ಹಿಡಿದು ಎಳೆದ ಹಾಗೆ ಕೆಸರಿನ ಒಂದು ಗೆರೆ.

ಎಂಜಿನಿಯರ್ ಮಂಡಿಯೂರಿ ಅಳೆದಳು. ಇನ್ನೊಮ್ಮೆ ಅಳೆದಳು. ಮೂವತ್ತೇಳೂವರೆ ಇಂಚು.

"ಅರ್ಧ ಇಂಚು ವ್ಯತ್ಯಾಸ" ಎಂದಳು.

"ಹೊಲಿಗೆ ಅಂಚಿಗೆ ಅಂತ ಅಷ್ಟು ಬಿಡ್ತೀವಿ ಮೇಡಂ" ಎಂದಳು ಟೈಲರಕ್ಕ.

ಆಗ ಆ ಬಿಗಿ ಮುಖ ಬಿಚ್ಚಿಕೊಂಡಿತು. ಅವಳು ನೆಲದ ಮೇಲೇ ಕೂತು ನಕ್ಕಳು. ನಗು ನಿಂತ ಮೇಲೆ ಮನಸ್ಸು ಬಿಚ್ಚಿ ಮಾತಾಡಿದಳು. ತನ್ನ ಮೇಜಿನ ಮೇಲೆ ನಲವತ್ತು ಅರ್ಜಿ ಇವೆ, ಎಲ್ಲದರಲ್ಲೂ ನೀರು ಎದೆಮಟ್ಟ, ತಲೆಮಟ್ಟ. ಯಾವುದಕ್ಕೂ ಮೋರಿಯ ಅಳತೆ ನಿರ್ಧರಿಸಲು ಬರುವುದಿಲ್ಲ. ನೀವು ಬರೆದ ನೀರು ಎಲ್ಲರಿಗಿಂತ ಕಡಿಮೆ, ಆದರೆ ಅದರ ಮೇಲೆ ನಾನು ಮೋರಿ ಕಟ್ಟಬಲ್ಲೆ ಎಂದಳು. ಹೋಗುವ ಮೊದಲು, ಐದನೆಯ ಜಾಗವನ್ನು ಒಮ್ಮೆ ನೋಡಬಹುದೇ ಎಂದು ಸಂಕೋಚದಿಂದ ಕೇಳಿದಳು. ಅಷ್ಟರಲ್ಲಿ ಕಥೆ ಬೀದಿಗೆಲ್ಲ ಗೊತ್ತಾಗಿ ಸಿನಿಮಾ ಅದನ್ನು ತಾನೇ ಹೇಳಿಕೊಳ್ಳತೊಡಗಿದ್ದ. ಅವನು ಗಿರಾಕಿಗಳ ಎದುರಿಗೇ ಸಲೂನಿನ ನೆಲದ ಮೇಲೆ ಕಾಲು ಚಾಚಿ ಕೂತು, ಹೆಂಡತಿಯನ್ನು ಕರೆದು, ತನ್ನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸುವ ಭಾಗವನ್ನೂ ಸೇರಿಸಿ ತೋರಿಸಿದ.

ಮಂಜೂರಾತಿ ಪತ್ರ ಬಂತು. ಬೇಸಿಗೆಯಲ್ಲಿ ಹೆದ್ದಾರಿಯನ್ನು ಅರ್ಧರ್ಧ ಮುಚ್ಚಿ ಕೆಲಸ ನಡೆಯಿತು. ಎರಡು ಕೊಳವೆ ತೆಗೆದು, ಮನುಷ್ಯ ನಿಂತು ನಡೆಯುವಷ್ಟು ಎತ್ತರದ ಕಾಂಕ್ರೀಟಿನ ಚೌಕ ಮೋರಿ ಕೂರಿಸಿದರು. ಬೀದಿಯವರು ತಮ್ಮ ಪಾಲಿನ ಶ್ರಮವೆಂದು ಭಾನುವಾರಗಳಲ್ಲಿ ಹಳ್ಳದ ಹೂಳು ತೆಗೆದರು, ಮೇಲಿನ ಕಡೆ ಕಸ ತಡೆಯುವ ಕಬ್ಬಿಣದ ಸರಳು ನಿಲ್ಲಿಸಿದರು. ಲೈನ್‌ಮನ್ ಮೋರಿಯೊಳಗೆ ನಡೆದು ನೋಡಿದ, ಅವನೊಬ್ಬ ಮಾತ್ರ ತಲೆ ಬಗ್ಗಿಸಬೇಕಾಯಿತು.

ಮಳೆ ಬಂದದ್ದು ಒಂದು ಬುಧವಾರ, ಮಧ್ಯಾಹ್ನ ಎರಡಕ್ಕೆ. ಬಂತು ಎಂದರೆ ಸುರಿಯಿತು. ಒಂದು ಗಂಟೆಯೊಳಗೆ ಹಳ್ಳ ತುಂಬಿ ಕಂದು ಬಣ್ಣಕ್ಕೆ ತಿರುಗಿ ಬುಸುಗುಟ್ಟತೊಡಗಿತು. ಮನೆಯ ಸಾಮಾನು ಏರಿಸಬೇಕಾದ ಹೊತ್ತಿನಲ್ಲಿ ಬೀದಿಗೆ ಬೀದಿಯೇ ಕೊಡೆ ಹಿಡಿದು ಮೋರಿಯ ಕಡೆ ಓಡಿತು. ಸಿನಿಮಾನ ಹಿಂದೆ ಒಂದು ಕೆನ್ನೆಗೆ ಮಾತ್ರ ಕ್ಷೌರವಾದ ಗಿರಾಕಿಯೂ ಓಡಿ ಬಂದ, ಮಳೆ ಅವನ ಮುಖದ ನೊರೆಯನ್ನು ತೊಳೆಯುತ್ತಿತ್ತು. ನೀರು ಏರಿತು. ಮೋರಿಯ ಬಾಯಿಯ ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು. ಟೈಲರಕ್ಕ ನಾದಿನಿಯ ಕೈ ಹಿಡಿದಿದ್ದಳು, ಎಷ್ಟು ಗಟ್ಟಿಯಾಗಿ ಎಂದರೆ ಬಳೆ ಒತ್ತಿ ಗುರುತು ಮೂಡಿತ್ತು. ಮೇಲಿನಿಂದ ಒಂದು ದೊಡ್ಡ ಅಲೆ ಮುರಿದ ಕೊಂಬೆಗಳನ್ನು ಹೊತ್ತು ತಂದು ಸರಳುಗಳಿಗೆ ಬಡಿಯಿತು. ಕೊಂಬೆಗಳು ಅಲ್ಲೇ ನಿಂತವು. ನೀರು ಗುಡುಗಿನಂಥ ಸದ್ದು ಮಾಡುತ್ತ ಮೋರಿಯೊಳಗೆ ನುಗ್ಗಿ ಆ ಕಡೆ ಹಾರಿತು.

ಎಲ್ಲರೂ ಹೆದ್ದಾರಿ ದಾಟಿ ಆ ಕಡೆ ಓಡಿದರು, ಹೊರಬರುವುದನ್ನು ನೋಡಲು. ಮತ್ತೆ ಈ ಕಡೆ ಓಡಿದರು, ಒಳಹೋಗುವುದನ್ನು ನೋಡಲು. ಬಸ್ಸೊಂದು ನಿಂತು, ಏನು ಅಪಘಾತವಾಯಿತು ಎಂದು ಡ್ರೈವರ್ ಕೇಳಿದ. ಏನೂ ಆಗಿಲ್ಲ ಎಂದು ಮೇಸ್ತ್ರಿ ಹೇಳಿದ, ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

"ಅತ್ತಿಗೆ, ಇಳೀತಿದೆ" ಎಂದಳು ನಾದಿನಿ.

ಹೌದು, ಇಳಿಯುತ್ತಿತ್ತು. ನಾದಿನಿ ಕೊಡೆ ಮಡಚಿ ಕಂಕುಳಿಗೆ ಇಟ್ಟುಕೊಂಡಳು. ಟೈಲರಕ್ಕನೂ ಮಡಚಿದಳು. ಮಳೆ ಇನ್ನೂ ಸುರಿಯುತ್ತಲೇ ಇತ್ತು, ಆದರೂ ಒಬ್ಬೊಬ್ಬರಾಗಿ ಎಲ್ಲರೂ ಕೊಡೆ ಮಡಚಿದರು. ಮನೆಗೆ ಹೋಗಿ ಮಾಡುವಂಥ ಕೆಲಸ ಯಾರಿಗೂ ಇರಲಿಲ್ಲ. ಅವರು ಹೆದ್ದಾರಿಯ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕಾಲು ಇಳಿಬಿಟ್ಟು ಕೂತು, ತೊಪ್ಪೆಯಾಗಿ ನೆನೆಯುತ್ತ, ಕತ್ತಲಾಗುವವರೆಗೆ ನೀರು ಹೋಗುವುದನ್ನೇ ನೋಡಿದರು.